ಉಗಾದಿಗೆ ಬೇಡವೆಂದ ಹತ್ತು ನಿಮಿಷ: ಕೆನಡಾದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯಕಾರಿ ಸಮಿತಿಯ ಸದಸ್ಯರೇ, ಸಂಘಗಳನ್ನು ಕಟ್ಟಿ ಬೆಳೆಸಿದ ಹಿರಿಯರೇ,

ನಮಸ್ಕಾರ. ನಾನು ನೋವಾ ಸ್ಕೋಷಿಯಾ ಪ್ರಾಂತ್ಯದ ಟ್ರೂರೋ ಎಂಬ ಸಣ್ಣ ಊರಿನಲ್ಲಿರುವ ಕನ್ನಡತಿ. ಹಾಲಿಫ್ಯಾಕ್ಸ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಇಲ್ಲಿ ಕನ್ನಡದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಕನ್ನಡದ ಕಾರ್ಯಕ್ರಮ ಎಲ್ಲೇ ಆಗಲಿ, ನಮಗೆ ತವರಿಗೆ ಹೋಗಿ ಬಂದ ಹಾಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ನನ್ನನ್ನು ಸಂಘದ ವಿರೋಧಿ ಅಂದುಕೊಳ್ಳುವುದು ಬೇಡ.

ನಾವು ಹೋಗಿ ಬರುವ ಒಂದು ಗುಂಪಿನ ಉಗಾದಿ ಕಾರ್ಯಕ್ರಮಕ್ಕೆ ನಾನೊಂದು ಕೋರಿಕೆ ಇಟ್ಟಿದ್ದೆ. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಂಗಸರಿಗೆ ಆಸರೆ ಕೊಡುವ ಕೇಂದ್ರದಲ್ಲಿ ಕೆಲಸ ಮಾಡುವವರೊಬ್ಬರನ್ನು ಕರೆಸೋಣ, ಊಟಕ್ಕೆ ಮೊದಲು ಹತ್ತೇ ನಿಮಿಷ ಮಾತಾಡಲಿ ಅಂತ. "ಹಬ್ಬದ ದಿನ ಯಾಕೆ ಮೇಡಂ ಅಂಥ ಮಾತು" ಅನ್ನುವ ಉತ್ತರ ಬಂತು. ಅದಾದರೂ ಪರವಾಗಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಬರೆದು ನಗುವ ಮುಖ ಹಾಕಿದರು. ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಒತ್ತಿದರು. ಯಾವ ಗುಂಪು, ಯಾರು ಅಂತ ನಾನು ಹೇಳುವುದಿಲ್ಲ. ಬೇರೆ ಯಾವ ಗುಂಪಿನಲ್ಲಿ ಕೇಳಿದ್ದರೂ ಇದೇ ಗಾದೆ ಬರುತ್ತಿತ್ತು ಅನ್ನಿಸಿತು, ಅದಕ್ಕೇ ನಿಮಗೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಆ ಗಾದೆ ಕಂಡ ಕೂಡಲೇ ನನಗೆ ನೆನಪಾದದ್ದು 2020ರ ಏಪ್ರಿಲ್ 19, ಭಾನುವಾರ ಬೆಳಿಗ್ಗೆ. ನೀವೆಲ್ಲ ಸುದ್ದಿಯಲ್ಲಿ ನೋಡಿರುತ್ತೀರಿ. ನಮ್ಮ ನೋವಾ ಸ್ಕೋಷಿಯಾದಲ್ಲೇ 22 ಜನ ಸತ್ತರು, ಒಬ್ಬನೇ ಕೊಂದ, ಹದಿಮೂರು ಗಂಟೆ ನಡೆಯಿತು. ಕೊರೋನಾ ಗಲಾಟೆಯಲ್ಲಿ ಎರಡು ದಿನ ಮಾತಾಡಿ ಬೇಗ ಮರೆತೆವು. ನಮ್ಮ ಊರಿನಲ್ಲಿ ಮರೆಯಲು ಆಗಿಲ್ಲ. ಅದು ಎಲ್ಲಿಂದ ಶುರುವಾಯಿತು ಅನ್ನುವುದನ್ನು ನಿಮ್ಮ ಮುಂದೆ ಇಡಬೇಕು, ಯಾಕೆಂದರೆ ನನ್ನ ಕೋರಿಕೆಗೂ ಅದಕ್ಕೂ ಸಂಬಂಧವಿದೆ.

ಪೋರ್ಟಪಿಕ್ ಎನ್ನುವುದು ಕೋಬಕಿಡ್ ಕೊಲ್ಲಿಯ ದಡದ ಒಂದು ಹಳ್ಳಿ. ಚಳಿಗಾಲದಲ್ಲಿ ನೂರು ಜನ ಇದ್ದರೆ ಹೆಚ್ಚು. ಕಾಡಿನ ನಡುವೆ ಮಣ್ಣಿನ ರಸ್ತೆ, ಬೀದಿದೀಪ ಇಲ್ಲ, ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಇಳಿತದ ಹೊತ್ತಿಗೆ ಕೆಂಪು ಕೆಸರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿರುತ್ತದೆ. ಹಾಲಿಫ್ಯಾಕ್ಸ್ ಪಕ್ಕದ ಡಾರ್ಟ್‌ಮತ್‌ನಲ್ಲಿ ಹಲ್ಲಿನ ಸೆಟ್ ಮಾಡುವ ಕ್ಲಿನಿಕ್ ಇಟ್ಟುಕೊಂಡಿದ್ದ ಒಬ್ಬ ಮನುಷ್ಯನ ಮನೆ ಈ ಹಳ್ಳಿಯಲ್ಲಿ ಇತ್ತು. 51 ವರ್ಷ. ಅವನ ಹೆಸರು ನಾನು ಬರೆಯುವುದಿಲ್ಲ, ಇಲ್ಲಿ ಬಹಳ ಜನ ಬರೆಯುವುದಿಲ್ಲ. ದುಡ್ಡಿತ್ತು. ಸರ್ಕಾರವೇ ಮಾರಿದ ಹಳೆಯ ಪೊಲೀಸ್ ಕಾರು ಕೊಂಡು, ಅದಕ್ಕೆ ಆರ್‌ಸಿಎಂಪಿ (ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆ) ಪೊಲೀಸರ ಪಟ್ಟಿ ಅಂಟಿಸಿ, ಮೇಲೆ ಲೈಟ್ ಕೂರಿಸಿ, ಅಸಲಿ ಯಾವುದು ನಕಲಿ ಯಾವುದು ತಿಳಿಯದ ಹಾಗೆ ಮಾಡಿಕೊಂಡಿದ್ದ. ಬಂದೂಕಿನ ಲೈಸೆನ್ಸ್ ಇರಲಿಲ್ಲ. ಬಂದೂಕುಗಳಿದ್ದವು, ಹೆಚ್ಚಿನವು ಅಮೆರಿಕದ ಮೇಯ್ನ್‌ನಿಂದ ಗಡಿ ದಾಟಿಸಿ ಕದ್ದುಮುಚ್ಚಿ ತಂದವು.

ಏಪ್ರಿಲ್ 18ರ ಶನಿವಾರ ರಾತ್ರಿ ಅವನು ಮೊದಲು ಕೈ ಮಾಡಿದ್ದು ಜೊತೆಗಿದ್ದ ಹೆಂಗಸಿನ ಮೇಲೆ. ಹೊಡೆದ, ಕಟ್ಟಿಹಾಕಿದ, ಮನೆಗೆ ಬೆಂಕಿ ಇಟ್ಟ. ಅವರು ಹೇಗೋ ತಪ್ಪಿಸಿಕೊಂಡು ಕಾಡಿನಲ್ಲಿ ರಾತ್ರಿಯಿಡೀ ಅಡಗಿದ್ದರು, ಆ ಚಳಿಯಲ್ಲಿ. ಅವನು ನಕಲಿ ಕಾರು ಹತ್ತಿ ಅಕ್ಕಪಕ್ಕದ ಮನೆಗಳಿಗೆ ಹೋದ. ಹತ್ತು ಗಂಟೆ ದಾಟಿದ ಮೇಲೆ ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿದ ಮೊದಲ ಹೆಂಗಸು, ಅಂಗಳದಲ್ಲಿ ಪೊಲೀಸ್ ಕಾರಿನಂಥ ಕಾರು ನಿಂತಿದೆ ಅಂತ ಹೇಳಿದರು. ಸ್ವಲ್ಪ ಹೊತ್ತಿಗೇ ಅವರೂ ಸತ್ತರು. ಅವರ ಇಬ್ಬರು ಹುಡುಗರು ಪಕ್ಕದ ಮನೆಗೆ ಓಡಿದರು. ಅಲ್ಲಿದ್ದ ಇಬ್ಬರು ಮಕ್ಕಳ ತಾಯಿಯೂ ಏನಾಯಿತು ನೋಡಲು ಹೊರಗೆ ಹೋದವರು ಮರಳಿ ಬಂದಿರಲಿಲ್ಲ. ನಾಲ್ಕೂ ಮಕ್ಕಳು ನೆಲಮಾಳಿಗೆಯಲ್ಲಿ ಕೂತು ಸುಮಾರು ಎರಡು ಗಂಟೆ 911ರ ಜೊತೆ ಫೋನಿನಲ್ಲೇ ಇದ್ದರು. ಅವರೂ ಪೊಲೀಸ್ ಕಾರಿನ ವಿಷಯ ಹೇಳಿದರು. ಆ ರಾತ್ರಿ ಆ ಹಳ್ಳಿಯೊಂದರಲ್ಲೇ 13 ಜನ ಸತ್ತರು.

ಪೊಲೀಸರು ಅವನು ಅಲ್ಲೇ ಎಲ್ಲೋ ಇದ್ದಾನೆ, ಇಲ್ಲವೇ ಸತ್ತಿದ್ದಾನೆ ಅಂದುಕೊಂಡರು. ಅವನು ಬ್ಲೂಬೆರಿ ಹೊಲದ ಪಕ್ಕದ ಹಿಂದಿನ ದಾರಿಯಿಂದ ಹೊರಟು ಡೆಬರ್ಟ್‌ನಲ್ಲಿ ಒಂದು ವೆಲ್ಡಿಂಗ್ ಶಾಪಿನ ಹಿಂದೆ ಕಾರು ನಿಲ್ಲಿಸಿ ರಾತ್ರಿ ಕಳೆದ. ಬೆಳಿಗ್ಗೆ ಮತ್ತೆ ಹೊರಟ. ಭಾನುವಾರ ಇನ್ನೂ ಒಂಬತ್ತು ಜನ. ವಾಕಿಂಗ್ ಹೊರಟಿದ್ದ ಒಬ್ಬ ಹೆಂಗಸು. ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುತ್ತಿದ್ದ ಇಬ್ಬರು, ಅವರಲ್ಲಿ ಒಬ್ಬರು ಬಸುರಿ. ಒಬ್ಬ ಪೊಲೀಸ್ ಅಧಿಕಾರಿ. ಅಪಘಾತ ಆಗಿದೆ ಅಂದುಕೊಂಡು ಸಹಾಯಕ್ಕೆ ಕಾರು ನಿಲ್ಲಿಸಿದ ಒಬ್ಬ ದಾರಿಹೋಕ. ಕೊನೆಗೆ 11 ಗಂಟೆ 26 ನಿಮಿಷಕ್ಕೆ ಎನ್‌ಫೀಲ್ಡ್‌ನ ಪೆಟ್ರೋಲ್ ಬಂಕ್‌ನಲ್ಲಿ, ಗ್ಯಾಸ್ ಹಾಕಿಸಲು ಬಂದ ಪೊಲೀಸರೇ ಆಕಸ್ಮಿಕವಾಗಿ ಅವನನ್ನು ಗುರುತಿಸಿ ಗುಂಡು ಹಾರಿಸಿದರು.

ನಡುವೆ ಅವನು ನಮ್ಮ ಟ್ರೂರೋ ಪೇಟೆಯಲ್ಲೇ ಹಾದು ಹೋದ. ಹತ್ತು ಗಂಟೆ ದಾಟಿತ್ತು. ನನ್ನ ಗಂಡ ಹಾಲು ತರಲು ನಡೆದೇ ಹೋಗಿದ್ದರು. ನಮಗೆ ಏನೂ ಗೊತ್ತಿರಲಿಲ್ಲ. ಪೊಲೀಸರು ಶನಿವಾರ ರಾತ್ರಿ ಹನ್ನೊಂದೂವರೆಗೆ ಟ್ವಿಟರ್‌ನಲ್ಲಿ ಬಂದೂಕಿಗೆ ಸಂಬಂಧಪಟ್ಟ ಒಂದು ದೂರು ಬಂದಿದೆ ಅಂತ ಬರೆದಿದ್ದರಂತೆ. ನಕಲಿ ಕಾರಿನ ಫೋಟೊ ಹಾಕಿದ್ದು ಮರುದಿನ 10 ಗಂಟೆ 17 ನಿಮಿಷಕ್ಕೆ, ಅದೂ ಟ್ವಿಟರ್‌ನಲ್ಲೇ. ನಾನು ಟ್ವಿಟರ್ ಇಟ್ಟುಕೊಂಡಿಲ್ಲ, ನಮ್ಮ ಪಕ್ಕದ ಮನೆಯ ಎಂಬತ್ತರ ಅಜ್ಜಿಯೂ ಇಟ್ಟುಕೊಂಡಿಲ್ಲ. ವಾರದ ಹಿಂದೆಯಷ್ಟೇ, ಏಪ್ರಿಲ್ 10ಕ್ಕೆ, ಕೊರೋನಾ ಇದೆ ಮನೆಯಲ್ಲೇ ಇರಿ ಅಂತ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡಿತ್ತು, ಮಗು ಎದ್ದು ಅತ್ತಿತ್ತು. ಅದೇ ಅಲರ್ಟ್ ವ್ಯವಸ್ಥೆ ಕೊಲೆಗಾರ ಓಡಾಡುತ್ತಿದ್ದಾಗ ಸುಮ್ಮನಿತ್ತು. ಅಮೆರಿಕದ ಕಾನ್ಸುಲೇಟ್‌ನವರು ಇಲ್ಲಿದ್ದ ತಮ್ಮ ಜನಕ್ಕೆ ಇಮೇಲ್ ಕಳಿಸಿ ಎಚ್ಚರಿಸಿದರು. ನಮಗೆ ವಿಷಯ ಮುಟ್ಟಿದ್ದು ಟೊರಾಂಟೊದ ಅತ್ತಿಗೆಯ ವಾಟ್ಸ್ಆ್ಯಪ್‌ನಿಂದ. ನಮ್ಮವರು ಹಾಲಿನ ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತು, "ದಾರಿಯಲ್ಲಿ ಪೊಲೀಸ್ ಕಾರು ಸಿಕ್ಕಿದ್ದರೆ ಏನಾಯಿತು ಅಂತ ನಿಲ್ಲಿಸಿ ಕೇಳುತ್ತಿದ್ದೆ" ಅಂದರು. ಆಮೇಲೆ ಆ ದಿನವಿಡೀ ಏನೂ ಮಾತಾಡಲಿಲ್ಲ.

ಮುಂದಿನ ದಿನಗಳಲ್ಲಿ ಗುಂಪು ಸೇರಿ ಅಳಲೂ ಆಗಲಿಲ್ಲ. ಐದಕ್ಕಿಂತ ಹೆಚ್ಚು ಜನ ಸೇರಬಾರದು ಎನ್ನುವ ಕೊರೋನಾ ನಿಯಮ. ಮನೆಗಳ ಮುಂದೆ ನೋವಾ ಸ್ಕೋಷಿಯಾದ ನೀಲಿ ಚೌಕುಳಿ ಬಟ್ಟೆ ಕಟ್ಟಿದರು, ಶ್ರದ್ಧಾಂಜಲಿ ಸಭೆ ಆನ್‌ಲೈನ್‌ನಲ್ಲಿ ನಡೆಯಿತು. ಜುಲೈನಲ್ಲಿ ಸರ್ಕಾರ ಬಹಿರಂಗ ವಿಚಾರಣೆ ಬೇಡ, ಒಂದು ಪರಿಶೀಲನೆ ಸಾಕು ಅಂದಿತು. ಸತ್ತವರ ಮನೆಯವರು ಬೀದಿಗಿಳಿದರು. ಒಂದೇ ವಾರದೊಳಗೆ ಸರ್ಕಾರ ಮಾತು ಬದಲಿಸಿ ವಿಚಾರಣಾ ಆಯೋಗಕ್ಕೆ ಒಪ್ಪಬೇಕಾಯಿತು. ಆಯೋಗದ ವರದಿ ಬಂದದ್ದು 2023ರ ಮಾರ್ಚ್ 30ಕ್ಕೆ. ಏಳು ಸಂಪುಟ, 130 ಶಿಫಾರಸು. ಅವತ್ತು ಪತ್ರಕರ್ತರು ಕೇಳಿದಾಗ ಆರ್‌ಸಿಎಂಪಿಯ ಹಂಗಾಮಿ ಮುಖ್ಯಸ್ಥರು ಶಿಫಾರಸುಗಳನ್ನು ಓದಲು ಇನ್ನೂ ಆಗಿಲ್ಲ ಅಂದರು. ಮೂರು ವರ್ಷ ಕಾದವರ ಮುಂದೆ!

ಪೊಲೀಸರ ಬಗ್ಗೆ ಬರೆಯಲು ಬೇರೆಯವರಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ನಾನು ವರದಿಯಲ್ಲಿ ನಿಂತು ನಿಂತು ಓದಿದ್ದು ಬೇರೆ ಭಾಗ.

ಈ ಮನುಷ್ಯ ಜೊತೆಗಿದ್ದ ಹೆಂಗಸಿಗೆ ಹೊಡೆಯುತ್ತಿದ್ದದ್ದು ಗುಟ್ಟಾಗಿರಲಿಲ್ಲ. ಅಕ್ಕಪಕ್ಕದವರಿಗೆ ಗೊತ್ತಿತ್ತು. 2013ರಲ್ಲಿ ಪಕ್ಕದ ಮನೆಯ ಹೆಂಗಸೊಬ್ಬರು ಪೊಲೀಸರಿಗೆ ಫೋನ್ ಮಾಡಿ, ಹೊಡೆಯುತ್ತಾನೆ, ಲೈಸೆನ್ಸ್ ಇಲ್ಲದ ಬಂದೂಕುಗಳಿವೆ, ಎರಡನ್ನೂ ಹೇಳಿದ್ದರು. ಏನೂ ಆಗಲಿಲ್ಲ. ಹೇಳಿದವರೇ ಹೆದರಿ ಊರು ಬಿಟ್ಟರು. ಅದಕ್ಕೂ ಮೊದಲು, 2010ರಲ್ಲಿ, ಹೆತ್ತವರನ್ನೇ ಕೊಲ್ಲುತ್ತೇನೆ ಅಂದಿದ್ದ. 2011ರಲ್ಲಿ, ಇವನ ಬಳಿ ಬಂದೂಕಿದೆ, ಪೊಲೀಸರನ್ನು ಕೊಲ್ಲುವ ಮಾತಾಡುತ್ತಾನೆ ಅಂತ ನಮ್ಮ ಟ್ರೂರೋ ಪೊಲೀಸರಿಗೇ ಸುಳಿವು ಸಿಕ್ಕಿತ್ತು. ಒಂದು ಎಚ್ಚರಿಕೆ ಪತ್ರ ಎಲ್ಲ ಠಾಣೆಗೆ ಹೋಯಿತು, ಎರಡು ವರ್ಷದ ಮೇಲೆ ಕಡತದಿಂದ ಅಳಿಸಿಹೋಯಿತು.

ಮತ್ತೆ ಊರಿನಲ್ಲಿ ಅವನಿಗೆ ಹೆಸರೇನು ಗೊತ್ತಾ? ಬಡವರಿಗೆ ಕಡಿಮೆ ದುಡ್ಡಿಗೆ ಹಲ್ಲಿನ ಸೆಟ್ ಮಾಡಿಕೊಡುವ ಧಾರಾಳಿ. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಇವನನ್ನು ನೋಡಿಯೇ ಹುಟ್ಟಿದ ಹಾಗಿದೆ. ವಾಟ್ಸ್ಆ್ಯಪ್‌ನಲ್ಲಿ ಗಾದೆ ಹಾಕುವವರು ಇದನ್ನೂ ಒಮ್ಮೆ ಹಾಕಬಹುದಿತ್ತು.

ಬದುಕಿ ಉಳಿದ ಆ ಹೆಂಗಸಿನ ಗತಿ ಏನಾಯಿತು ಕೇಳಿ. ಬೆಳಿಗ್ಗೆ ಕಾಡಿನಿಂದ ಹೊರಬಂದು ನಕಲಿ ಕಾರಿನ ವಿವರ ಕೊಟ್ಟವರೇ ಅವರು. ಡಿಸೆಂಬರ್‌ನಲ್ಲಿ ಪೊಲೀಸರು ಅವರ ಮೇಲೇ ಕೇಸು ಹಾಕಿದರು, ಗುಂಡು ಒದಗಿಸಿಕೊಟ್ಟರು ಅಂತ. ಅದನ್ನು ಯಾತಕ್ಕೆ ಬಳಸುತ್ತಾನೆ ಅಂತ ಅವರಿಗೆ ತಿಳಿದಿರಲಿಲ್ಲ ಎಂದು ಪೊಲೀಸರೇ ಹೇಳಿದ್ದರು, ಆದರೂ ಕೇಸು. ಆಮೇಲೆ ಅದು ವಿಚಾರಣೆಗೆ ಹೋಗದೆ ಬೇರೆ ದಾರಿಯಲ್ಲಿ ಮುಗಿಯಿತು. ಅಷ್ಟರೊಳಗೆ ಊರೆಲ್ಲ ಆಡಿಕೊಂಡಾಗಿತ್ತು: "ಅವಳಿಗೆ ಗೊತ್ತಿರಲಿಲ್ವಾ? ಮೊದಲೇ ಯಾಕೆ ಬಿಟ್ಟು ಬರಲಿಲ್ಲ?" ನಾನೂ ಅಂದಿದ್ದೆ, ಒಪ್ಪಿಕೊಳ್ಳುತ್ತೇನೆ.

ಹೆಂಡತಿಗೆ ಹೊಡೆದವರೆಲ್ಲ ನಾಳೆ ಬಂದೂಕು ಹಿಡಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆಯೋಗವೂ ಹಾಗೆ ಹೇಳಿಲ್ಲ. ಆದರೆ ಇಂಥ ಸಾಮೂಹಿಕ ಕೊಲೆ ಮಾಡಿದ ಗಂಡಸರಲ್ಲಿ ತುಂಬಾ ಜನರ ಹಿಂದೆ ಮನೆಯ ಹೆಂಗಸರಿಗೆ ಹೊಡೆದ ಚರಿತ್ರೆ ಇದೆ, ಅದನ್ನು ಮನೆ ವಿಷಯ ಅಂತ ಬಿಟ್ಟದ್ದೇ ತಪ್ಪು ಎಂದು ಬಿಡಿಸಿ ಹೇಳಿದೆ. ಈ ಹಿಂಸೆಯನ್ನು ಸಾಂಕ್ರಾಮಿಕ ಪಿಡುಗು ಎಂದು ಕರೆಯಿರಿ ಅಂತ ಸರ್ಕಾರಗಳನ್ನು ಕೇಳಿತು. ನಮ್ಮ ಪ್ರಾಂತ್ಯ 2024ರ ಸೆಪ್ಟೆಂಬರ್‌ನಲ್ಲಿ ಹಾಗೆ ಘೋಷಿಸಿತು. ನನ್ನ ಮಾತು ಇನ್ನೂ ಸಣ್ಣದು. ಒಂದು ಹುಡುಗಿ ಹೊಡೆತ ತಿನ್ನುತ್ತಿದ್ದಾಳೆ ಅನ್ನುವುದಷ್ಟೇ ನಾವು ಎದ್ದು ನಿಲ್ಲಲು ಸಾಕು. ಅದಕ್ಕೆ 22 ಹೆಣ ಬೀಳಬೇಕಾ?

ಈಗ ನನ್ನದೇ ಒಂದು ವಿಷಯ. 2019ರಲ್ಲಿ ಒಂದು ಹಬ್ಬದ ಅಡುಗೆಗೆ ನಾವು ನಾಲ್ಕೈದು ಜನ ಸೇರಿದ್ದೆವು. ಬಿಸಿಬೇಳೆಬಾತ್‌ಗೆ ಈರುಳ್ಳಿ ಹೆಚ್ಚುತ್ತಾ ಪಕ್ಕದಲ್ಲಿ ಕೂತಿದ್ದ ಹುಡುಗಿ, ಮದುವೆಯಾಗಿ ಬಂದು ವರ್ಷ ಆಗಿತ್ತೋ ಇಲ್ಲವೋ, ಮೆಲ್ಲಗೆ ಅಂದಳು: "ಅಕ್ಕಾ, ಅವರು ನನ್ನ ಫೋನ್ ಕಿತ್ತಿಟ್ಟುಕೊಳ್ತಾರೆ. ಅಮ್ಮನ ಜೊತೆ ಮಾತಾಡಬೇಕಾದರೆ ಸ್ಪೀಕರ್‌ನಲ್ಲೇ ಹಾಕಬೇಕು." ಮತ್ತೆ ತೋಳಿನ ಬಟ್ಟೆ ಸ್ವಲ್ಪ ಮೇಲೆ ಸರಿಸಿದಳು. ನಾನು ನೋಡಿದೆ. ನೋಡಿ, "ಹೊಸ ದೇಶ, ಕೆಲಸದ ಟೆನ್ಷನ್ ಇರುತ್ತೆ ಕಣೇ. ಸ್ವಲ್ಪ ಹೊಂದಿಕೊಂಡು ಹೋಗು, ಒಂದು ಮಗು ಆದರೆ ಎಲ್ಲ ಸರಿ ಹೋಗುತ್ತೆ" ಅಂದೆ. ಈರುಳ್ಳಿಯ ನೆಪದಲ್ಲಿ ಅವಳು ಕಣ್ಣು ಒರೆಸಿಕೊಂಡಳು. ಅವತ್ತು ಸಂಜೆ ಅವಳ ಗಂಡ ವೇದಿಕೆಯಲ್ಲಿ ನಿಂತು ನಿರೂಪಣೆ ಮಾಡಿದ. ತುಂಬಾ ಚೆನ್ನಾಗಿ ಮಾಡಿದ ಕೂಡ, ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮರುವರ್ಷ ಕೊರೋನಾ ಬಂತು, ಬಾಗಿಲು ಮುಚ್ಚಿತು. ಅವಳು ಆ ಬಾಗಿಲ ಒಳಗೆ ಅವನ ಜೊತೆ. ಏಪ್ರಿಲ್ ಕಳೆದ ಮೇಲೆ, ಪೋರ್ಟಪಿಕ್‌ನ ಹೆಂಗಸಿನ ಕಥೆ ಪೇಪರಿನಲ್ಲಿ ಬರುತ್ತಿದ್ದಾಗ ನನಗೆ ಇವಳ ತೋಳು ನೆನಪಾಗಿ ಫೋನ್ ಮಾಡಿದೆ. ನಂಬರ್ ಚಾಲ್ತಿಯಲ್ಲಿರಲಿಲ್ಲ. ಬೇರೆ ಪ್ರಾಂತ್ಯಕ್ಕೆ ಹೋದರು ಅಂತ ಯಾರೋ ಹೇಳಿದರು. ಅವಳು ಹೇಗಿದ್ದಾಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ, ಕಣೇ, ನಾನು ಅಂದದ್ದು ತಪ್ಪು. ನನ್ನ ನಂಬರ್ ಬದಲಾಗಿಲ್ಲ.

ಸಂಘಗಳು ಮಾಡುವ ಒಳ್ಳೆಯ ಕೆಲಸ ನನಗೆ ಗೊತ್ತು. ಕೊರೋನಾದಲ್ಲಿ ವಿದ್ಯಾರ್ಥಿಗಳ ಬಾಗಿಲಿಗೆ ಊಟ ಮುಟ್ಟಿಸಿದ್ದೀರಿ. ಯಾರಾದರೂ ತೀರಿಕೊಂಡರೆ ದೇಹ ಊರಿಗೆ ಕಳಿಸಲು ಎರಡೇ ದಿನದಲ್ಲಿ ದುಡ್ಡು ಒಟ್ಟು ಮಾಡುತ್ತೀರಿ. ಸತ್ತ ಮೇಲೆ ಇಷ್ಟು ಮಾಡುವವರು ಬದುಕಿದ್ದಾಗ ಸ್ವಲ್ಪ ಮಾಡಬಹುದಲ್ವಾ ಎನ್ನುವುದೇ ನನ್ನ ಅಹವಾಲು.

ಮೊದಲಿಗೆ, ರಾಜಿ ಪಂಚಾಯಿತಿ ನಿಲ್ಲಿಸಿ. ಹುಡುಗಿಯೊಬ್ಬಳು ಕಷ್ಟ ಹೇಳಿಕೊಂಡರೆ ಮರುದಿನವೇ ಇಬ್ಬರು ಹಿರಿಯರು ಅವರ ಮನೆಗೆ ಕಾಫಿಗೆ ಹೋಗಿ ಗಂಡನ ಮುಂದೆಯೇ "ಏನಮ್ಮಾ ನಿಮ್ಮ ಸಮಸ್ಯೆ" ಅಂತ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಅವರು ಎದ್ದು ಬಂದ ಮೇಲೆ ಆ ಮನೆಯೊಳಗೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ? ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ ಹೊತ್ತು ಎಂದು ಈ ಕೆಲಸ ಬಲ್ಲವರು ಹೇಳುತ್ತಾರೆ. ಕೆಲಸ ಬಲ್ಲವರಿಗೇ ಅದನ್ನು ಬಿಡೋಣ. ನಮ್ಮ ಕೆಲಸ ಕೇಳಿಸಿಕೊಳ್ಳುವುದು, ಗುಟ್ಟು ಬಿಡದೆ ಇಟ್ಟುಕೊಳ್ಳುವುದು, ಸರಿಯಾದ ನಂಬರ್ ಕೊಡುವುದು. ಪ್ರತಿ ಸಂಘದಲ್ಲಿ ಇಬ್ಬರು ಹೆಂಗಸರು ಇದಕ್ಕೆ ತರಬೇತಿ ಪಡೆದರೆ ಸಾಕು. ಸಂಘದ ಕ್ಯಾಲೆಂಡರಿನಲ್ಲಿ ರಾಹುಕಾಲದ ಕೆಳಗೆ ಅವರ ಫೋನ್ ನಂಬರ್ ಹಾಕಿ. ರಾಹುಕಾಲ ನೋಡದವರು ನಮ್ಮಲ್ಲಿ ಕಡಿಮೆ.

ಇನ್ನೊಂದು, ನಮ್ಮ ಹುಡುಗಿಯರನ್ನು ಕಟ್ಟಿಹಾಕುವುದು ಬಹಳ ಸಲ ವೀಸಾದ ಭಯ. "ಮನೆ ಬಿಟ್ಟರೆ ವಾಪಸ್ ಇಂಡಿಯಾಕ್ಕೆ ಕಳಿಸಿಬಿಡ್ತಾರೆ" ಎಂದು ಗಂಡ ಹೆದರಿಸುತ್ತಾನೆ, ಇವಳು ನಂಬುತ್ತಾಳೆ. ಗಂಡ ಪ್ರಾಯೋಜಿಸಿ ಕರೆಸಿಕೊಂಡ ಹೆಂಡತಿ ಪಿಆರ್ (ಇಲ್ಲಿ ಕಾಯಂ ಆಗಿ ಇರುವ ಹಕ್ಕು) ಉಳಿಸಿಕೊಳ್ಳಲು ಎರಡು ವರ್ಷ ಜೊತೆಗೇ ಇರಬೇಕು ಎನ್ನುವ ನಿಯಮ ಒಂದು ಕಾಲದಲ್ಲಿ ಇತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ಪಿಆರ್ ಇನ್ನೂ ಇಲ್ಲದೆ ಹಿಂಸೆಯಲ್ಲಿ ಸಿಕ್ಕಿಬಿದ್ದವರು ಕೇಳಬಹುದಾದ ವಿಶೇಷ ತಾತ್ಕಾಲಿಕ ಪರವಾನಗಿ 2019ರಿಂದ ಇದೆ, ಅದಕ್ಕೆ ಅರ್ಜಿ ಶುಲ್ಕವೂ ಇಲ್ಲ. 211ಕ್ಕೆ ಫೋನ್ ಮಾಡಿದರೆ ಹತ್ತಿರದಲ್ಲಿ ಯಾವ ಸಹಾಯ ಇದೆ ಎಂದು ಹೇಳುತ್ತಾರೆ, ದುಭಾಷಿ ಬೇಕು ಅಂತ ಕೇಳಬಹುದು. ಇಷ್ಟನ್ನು ಒಬ್ಬ ವಲಸೆ ವಕೀಲರಿಗೆ ತೋರಿಸಿ, ಕನ್ನಡದಲ್ಲಿ ಒಂದು ಪುಟ ಮಾಡಿ ಸಂಘದ ವೆಬ್‌ಸೈಟಿನಲ್ಲಿ ಹಾಕಲು ಎಷ್ಟು ಹೊತ್ತು ಬೇಕು? ಅನುವಾದ ನಾನು ಮಾಡಿಕೊಡುತ್ತೇನೆ, ಬಿಟ್ಟಿಯಾಗಿ.

ಅಲರ್ಟ್‌ನ ಪಾಠವೂ ಇದೆ. ಈಗ ಇಲ್ಲಿಯ ಪೊಲೀಸರು ಫೋನ್ ಅಲರ್ಟ್ ಬಳಸುತ್ತಾರೆ, ಆದರೆ ಅದು ಬರುವುದು ಇಂಗ್ಲಿಷ್‌ನಲ್ಲಿ, ಫ್ರೆಂಚ್‌ನಲ್ಲಿ. ಊರಿನಿಂದ ಆರು ತಿಂಗಳಿಗೆ ಬಂದ ಅಮ್ಮ ಅಪ್ಪ, ನಾವು ಕೆಲಸಕ್ಕೆ ಹೋದಾಗ ಮೊಮ್ಮಗುವನ್ನು ಸ್ಟ್ರಾಲರಿನಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗಿರುತ್ತಾರೆ. ಫೋನ್ ಕಿರುಚಿದರೆ ಅವರಿಗೆ ಏನು ಅರ್ಥವಾಗಬೇಕು? ಒಬ್ಬರು ಐದು ಮನೆಗೆ, ಆ ಐವರು ಇನ್ನೈದು ಮನೆಗೆ ಕನ್ನಡದಲ್ಲಿ ಫೋನ್ ಮಾಡುವ ಒಂದು ಪಟ್ಟಿ ಪ್ರತಿ ಊರಿನಲ್ಲೂ ಇರಲಿ. ಶುಭೋದಯದ ಹೂವಿನ ಚಿತ್ರ ಐದು ನಿಮಿಷದಲ್ಲಿ ಇಡೀ ಕೆನಡಾಕ್ಕೆ ಮುಟ್ಟಿಸುವವರು ನಾವು, ಇದು ಕಷ್ಟವೇ ಅಲ್ಲ.

ಉಗಾದಿಗೆ ಬೇಡ ಅಂದರೆ ರಾಜ್ಯೋತ್ಸವಕ್ಕೆ ಆಗಲಿ, ಸಂಕ್ರಾಂತಿಗೆ ಆಗಲಿ, ನಾನು ಆ ಹತ್ತು ನಿಮಿಷ ಮತ್ತೆ ಕೇಳುತ್ತೇನೆ. ಅಲ್ಲಿಯವರೆಗೆ ಒಂದು ಸಣ್ಣ ಅನುಮತಿ ಕೊಡಿ. 211, 911, ಆಸರೆ ಕೇಂದ್ರದ ನಂಬರ್, ಇಷ್ಟೇ ಇರುವ ಅಂಗೈ ಅಗಲದ ಕನ್ನಡ ಚೀಟಿಯನ್ನು ನಾನೇ ಪ್ರಿಂಟ್ ಮಾಡಿಸಿ ತರುತ್ತೇನೆ. ನೋಟಿಸ್ ಬೋರ್ಡಿನಲ್ಲಿ ಬೇಡ, ಅಲ್ಲಿ ಯಾರೂ ನಿಂತು ಓದುವ ಹಾಗಿಲ್ಲ. ಹಾಲ್‌ನಲ್ಲಿ ಹೆಂಗಸರ ಟಾಯ್ಲೆಟ್ ಬಾಗಿಲುಗಳ ಒಳಗಡೆ ಅಂಟಿಸುತ್ತೇನೆ. ಗಂಡ ಜೊತೆಗೆ ಬರದ ಜಾಗ ಅದೊಂದೇ. ಕಾರ್ಯಕ್ರಮ ಮುಗಿದ ಮೇಲೆ ಹಾಲ್ ಬಾಡಿಗೆಗೆ ಕೊಟ್ಟವರು ತಕರಾರು ಮಾಡದ ಹಾಗೆ ಗಮ್ ಗುರುತು ಉಳಿಯದಂತೆ ನಾನೇ ಕಿತ್ತು ಒರೆಸಿ ಹೋಗುತ್ತೇನೆ.

ಉತ್ತರಕ್ಕೆ ಕಾಯುತ್ತಿರುವ,
ಟ್ರೂರೋದ ಒಬ್ಬ ಕನ್ನಡತಿ